ಮನೆಯ ಮೇಜಿನ ಮೇಲಿನ ವಿಮಾನ

ವಿಮಾನ ನಡೆಸುವ ಹಂಬಲವು ಹಾನಗಲ್ಲಿನ ತರುಣನಿಗೆ ಬೆಂಗಳೂರಿನ ತರುಣನಿಗಿಂತ ಕಡಮೆಯೇನೂ ಇಲ್ಲ. ಆದರೆ 1949ರಲ್ಲಿ ಸ್ಥಾಪಿತವಾದ ಸರಕಾರಿ ವೈಮಾನಿಕ ತರಬೇತಿ ಶಾಲೆಯು ಇರುವುದು ದೂರದ ಜಕ್ಕೂರಿನಲ್ಲಿ. ವಾಣಿಜ್ಯ ವಿಮಾನ ಚಾಲಕನ ಪರವಾನಗಿಗೆ 200 ಗಂಟೆಗಳ ಹಾರಾಟ ಅವಶ್ಯಕ. ಅದರಲ್ಲಿ ಪ್ರತಿಯೊಂದು ಗಂಟೆಯೂ ದುಬಾರಿಯಾದುದು. ಹೀಗಿರುವಾಗ, ಮನೆಯ ಕಂಪ್ಯೂಟರಿನಲ್ಲಿ ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರ್ ಎಷ್ಟರಮಟ್ಟಿಗೆ ಗುರುವಾಗಬಲ್ಲದು? ಕೆಲವರು ಇದನ್ನು ಬರಿಯ ಆಟಿಕೆಯೆಂದು ತಳ್ಳಿಹಾಕುತ್ತಾರೆ. ಕೆಲವರು ಇದರಲ್ಲಿ ಪಳಗಿದವನನ್ನು ಅರ್ಧ ವೈಮಾನಿಕನೆಂದೇ ಎಣಿಸುತ್ತಾರೆ. ಎರಡೂ ಅತಿಯಾದ ಮಾತುಗಳೆಂದು ನಮ್ಮ ಅಭಿಪ್ರಾಯ.

ನೆಲದ ಮೇಲೆ ಕುಳಿತು ಹಾರಾಟ ಕಲಿಯುವುದು ಹೊಸ ವಿಚಾರವೇನಲ್ಲ. ಅಮೆರಿಕೆಯ ಎಡ್ವಿನ್ ಲಿಂಕ್ ಎಂಬಾತನು ತನ್ನ ತಂದೆಯ ಆರ್ಗನ್ ವಾದ್ಯಗಳ ಕಾರ್ಖಾನೆಯಲ್ಲಿದ್ದ ತಿದಿಗಳನ್ನೇ ಬಳಸಿ, ವಾಲುವ ಮತ್ತು ತಿರುಗುವ ತರಬೇತಿ ಯಂತ್ರವೊಂದನ್ನು 1929ರ ವೇಳೆಗೆ ಸಿದ್ಧಪಡಿಸಿದನು. ಮೊದಲು ಅದನ್ನು ಕೊಳ್ಳುವವರೇ ವಿರಳರಾಗಿದ್ದರು. 1934ರಲ್ಲಿ ಅಂಚೆ ಸಾಗಿಸುತ್ತಿದ್ದ ಸೈನಿಕ ವೈಮಾನಿಕರು ಕತ್ತಲೆಯಲ್ಲಿಯೂ ಕೆಟ್ಟ ಹವೆಯಲ್ಲಿಯೂ ಸಾಲಾಗಿ ಅಪಘಾತಕ್ಕೀಡಾದಾಗ, ಸೈನ್ಯವು ಅಂಥ 6 ಯಂತ್ರಗಳನ್ನು ಕೊಂಡಿತು. ಹೊರಗೇನೂ ಕಾಣದಿದ್ದಾಗ ಉಪಕರಣಗಳನ್ನು ಓದಿ ಹಾರುವ ವಿದ್ಯೆಯನ್ನು ಅವು ಕಲಿಸಿದುವು.

ಇಂದಿನ ಗೃಹ ಸಿಮ್ಯುಲೇಟರೂ ಇದೇ ವಿದ್ಯೆಗೆ ಒಳ್ಳೆಯ ಪೀಠಿಕೆಯಾಗಬಲ್ಲದು. ಎತ್ತರಮಾಪಕ, ವೇಗಮಾಪಕ, ಕೃತಕ ದಿಗಂತ ಇವುಗಳ ಮೇಲೆ ಕ್ರಮವಾಗಿ ಕಣ್ಣಾಡಿಸುವುದನ್ನೂ, ಹಾರುವ ಮುನ್ನ ಮಾಡಬೇಕಾದ ತಪಾಸಣೆಗಳ ಅನುಕ್ರಮವನ್ನೂ ಇಲ್ಲಿ ನೂರು ಸಲ ಅಭ್ಯಸಿಸಬಹುದು. ಇಲ್ಲಿ ಇಂಧನದ ಖರ್ಚಿಲ್ಲ, ಪ್ರಾಣಭಯವಿಲ್ಲ.

ಆದರೆ ಪ್ರಾಣಭಯವಿಲ್ಲದಿರುವುದೇ ಇದರ ಮಿತಿಯೂ ಹೌದು. ವಿಮಾನವು 60 ಡಿಗ್ರಿ ವಾಲಿ, ಎತ್ತರ ಕಳೆದುಕೊಳ್ಳದೆ ತಿರುಗುವಾಗ ರೆಕ್ಕೆಗಳು ವಿಮಾನದ ತೂಕದ ಎರಡರಷ್ಟು ಭಾರವನ್ನು ಹೊರಬೇಕಾಗುತ್ತದೆ. 60 ಡಿಗ್ರಿಯ ಕೊಸೈನ್ ಅರ್ಧವೆಂಬುದನ್ನು ನೆನೆದರೆ ಕಾರಣವು ತಿಳಿಯುತ್ತದೆ. ನೇರ ಹಾರಾಟದಲ್ಲಿ ಗಂಟೆಗೆ 100 ಕಿಲೋಮೀಟರಿಗೆ ಸ್ಟಾಲ್ ಆಗುವ, ಎಂದರೆ ರೆಕ್ಕೆಗಳು ಆಧಾರ ಕೊಡಲಾರದೆ ಹೋಗುವ ವಿಮಾನವು, ಈ ತಿರುವಿನಲ್ಲಿ 141 ಕಿಲೋಮೀಟರಿಗೇ ಆ ಸ್ಥಿತಿಗೆ ಬರುತ್ತದೆ. ಪರದೆಯು ಈ ಅಂಕಿಗಳನ್ನು ತೋರಿಸೀತು. ಆದರೆ 70 ಕಿಲೋಗ್ರಾಮಿನ ದೇಹವು 140 ಕಿಲೋಗ್ರಾಮಿನಂತೆ ಆಸನಕ್ಕೆ ಒತ್ತಿಕೊಳ್ಳುವ ಅನುಭವವನ್ನು ಮನೆಯ ಕುರ್ಚಿಯು ಕೊಡಲಾರದು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ನಮ್ಮ ಕಿವಿಯೊಳಗಣ ಅರ್ಧವೃತ್ತಾಕಾರದ ನಾಳಗಳು ತಿರುವಿನ ಆರಂಭವನ್ನು ತಿಳಿಸುತ್ತವೆ. ತಿರುವು ಒಂದೇ ವೇಗದಲ್ಲಿ ಮುಂದುವರಿದರೆ ಸುಮಾರು 20 ಸೆಕೆಂಡುಗಳಲ್ಲಿ ಸುಮ್ಮನಾಗುತ್ತವೆ. ಆಗ ಮೋಡದೊಳಗಿನ ಚಾಲಕನು ತಿರುಗುತ್ತಲೇ ಇದ್ದರೂ ನೇರವಾಗಿ ಸಾಗುತ್ತಿರುವೆನೆಂದು ನಂಬುತ್ತಾನೆ. ಉಪಕರಣವು ಒಂದನ್ನು ಹೇಳಿದರೆ ದೇಹವು ಇನ್ನೊಂದನ್ನು ಸಾರುತ್ತದೆ. ಮನೆಯಲ್ಲಿ ಉಪಕರಣವನ್ನು ನಂಬುವುದು ಸುಲಭ, ಏಕೆಂದರೆ ಅಲ್ಲಿ ದೇಹವು ಸುಳ್ಳು ಹೇಳುವುದಿಲ್ಲ. ಆಕಾಶದಲ್ಲಿ ಆ ಸುಳ್ಳನ್ನು ಮೀರಿ ನಿಲ್ಲುವುದೇ ವಿದ್ಯೆ.

ಆದುದರಿಂದ ಮನೆಯ ಅಭ್ಯಾಸವು ಎಷ್ಟೇ ದೀರ್ಘವಾದರೂ ಅದನ್ನು ಹಾರಾಟದ ಗಂಟೆಗಳಲ್ಲಿ ಸೇರಿಸಲಾಗದು, ಸೇರಿಸಲೂ ಬಾರದು. ಒಬ್ಬನೇ ಕುಳಿತು ರೂಢಿಸಿಕೊಂಡ ದೋಷಗಳನ್ನು, ವಿಶೇಷವಾಗಿ ಹೊರಗಿನ ದಿಗಂತವನ್ನು ಮರೆತು ಮಾಪಕಗಳಲ್ಲಿಯೇ ಕಣ್ಣು ನೆಡುವ ಚಟವನ್ನು, ಮುಂದೆ ಬಿಡಿಸುವುದು ಶಿಕ್ಷಕನಿಗೆ ಕಷ್ಟ. ಹಾಗೆಂದು ನಮ್ಮ ತಾಲ್ಲೂಕುಗಳ ಕಾಲೇಜುಗಳು ಇದನ್ನು ದೂರವಿಡಬೇಕಾಗಿಲ್ಲ. ಫ್ಲೈಟ್‌ಗಿಯರ್‌ನಂಥ ಸಿಮ್ಯುಲೇಟರ್ ಉಚಿತವಾಗಿಯೇ ದೊರೆಯುತ್ತದೆ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಅದಕ್ಕೊಂದು ಮೇಜು ದೊರೆತರೆ, ಬಲಗಳ ಪಾಠವು ಕಣ್ಣಿಗೆ ಕಾಣುವಂತಾಗುತ್ತದೆ. ಜಕ್ಕೂರಿಗೆ ಹೋಗುವ ನಮ್ಮ ವಿದ್ಯಾರ್ಥಿಯು ಅಲ್ಲಿನ ದುಬಾರಿ ಗಂಟೆಗಳನ್ನು ಮಾಪಕಗಳ ಹೆಸರು ಕಲಿಯುವುದರಲ್ಲಿ ಕಳೆಯದೆ, ಆಕಾಶವೊಂದೇ ಕಲಿಸಬಲ್ಲ ಪಾಠಕ್ಕೆ ಮೀಸಲಿಡಬಲ್ಲನು.