ಖಡಕಿಗೆ ಒಂದೇ ದಿನದ ಇತಿಹಾಸವೇ?

ಪುಣೆಯ ಬಳಿ ಮುಳಾ ನದಿಯ ದಂಡೆಯಲ್ಲಿರುವ ಖಡಕಿಯ ಇತಿಹಾಸವೆಂದರೆ 1817ರ ನವೆಂಬರ್ 5 ಮಾತ್ರ ಎಂಬಂತೆ ಬರೆಯುತ್ತ ಬಂದಿದ್ದೇವೆ. ಅಂದು ಬಾಪು ಗೋಖಲೆಯ ದೊಡ್ಡ ಸೈನ್ಯ ಕಂಪನಿಯ ಸಣ್ಣ ಪಡೆಯೆದುರು ಹಿಮ್ಮೆಟ್ಟಿತು. ಎರಡನೆಯ ಬಾಜೀರಾಯ ಪರ್ವತಿ ಬೆಟ್ಟದಿಂದ ನೋಡುತ್ತಿದ್ದ. ಕಥೆಯನ್ನು ಇಲ್ಲಿಗೇ ಮುಗಿಸುವುದನ್ನು ನಾವು ಒಪ್ಪುವುದಿಲ್ಲ.

ಊರಿನ ಪಾಲಿಗೆ ಕಥೆ ತೊಡಗುವುದೇ ಆಮೇಲೆ. ನೆಲ ದಂಡಿನದಾಯಿತು, ಹೆಸರು ಪರಂಗಿಯವರ ಬಾಯಲ್ಲಿ 'ಕಿರ್ಕೀ' ಆಯಿತು, 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ಮಹಾಯುದ್ಧಗಳಲ್ಲಿ ಮಡಿದ ಸೈನಿಕರ ಹೆಸರುಗಳು ಇಲ್ಲಿನ ಯುದ್ಧಸ್ಮಶಾನದ ಕಲ್ಲುಗಳಲ್ಲಿವೆ. ಅದೇ ಮಣ್ಣನ್ನು ಉತ್ತವರ ಹೆಸರುಗಳನ್ನು ಯಾವ ಕಲ್ಲು ಹೊತ್ತಿದೆ?

ಇದು ಮರಾಠಿಗರ ಮಾತು, ನಮಗೇಕೆ ಎನ್ನುವ ಕನ್ನಡಿಗರೂ ಕೇಳಬೇಕು. ಆ ಯುದ್ಧದ ಬೆನ್ನಿಗೇ, 1818ರಲ್ಲಿ, ಪೇಶ್ವೆಯ ಆಳ್ವಿಕೆ ಅಳಿಯಿತು. ಧಾರವಾಡ, ಬೆಳಗಾವಿ ಸೀಮೆಗಳು ಮುಂಬೈ ಆಡಳಿತದ ಪಾಲಾಗಿ 1956ರ ತನಕ ಅಲ್ಲಿಯೇ ಉಳಿದವು. ನಮ್ಮ ಏಕೀಕರಣದ ಹೋರಾಟದ ಒಂದು ಬೇರು ಖಡಕಿಯಲ್ಲಿದೆ.

ಪುಣೆಯ ಪೇಶ್ವೆ ದಫ್ತರದಲ್ಲಿ ಮೋಡಿ ಲಿಪಿಯ ಕಾಗದಗಳ ರಾಶಿಯೇ ಇದೆ. ಅಲ್ಲಿ ಯುದ್ಧವನ್ನು ಹುಡುಕಿದವರು ಬಹಳ. ಊರುಗಳನ್ನು ಹುಡುಕುವವರು ಬೇಕು. ದಂಡು ಬರೆದುದನ್ನೇ ಊರಿನ ಚರಿತ್ರೆಯೆಂದು ಒಪ್ಪಿಕೊಂಡರೆ, ಆ ಊರು ಎರಡನೆಯ ಬಾರಿ ಸೋತಂತೆ.