ಸಾಯುವ ಓಟಗಾರನ ಕಥೆ ಇನ್ನು ಸಾಕು

ಮ್ಯಾರಥಾನ್ ಮುಗಿದ ಭಾನುವಾರ ಮಧ್ಯಾಹ್ನ ನಮ್ಮ ಓಟದ ಗುಂಪಿನ ವಾಟ್ಸಾಪ್‌ಗೆ ಎರಡು ಬಗೆಯ ಸಂದೇಶಗಳು ಬರುತ್ತವೆ. ಮೊದಲನೆಯದು, 35ನೇ ಕಿಲೋಮೀಟರಿನಲ್ಲಿ ವಾಂತಿ ಮಾಡಿಕೊಂಡು, ಸೆಳೆತ ಹಿಡಿದ ಕಾಲನ್ನು ಎಳೆದುಕೊಂಡು, ಕೊನೆಗೆ ಇಬ್ಬರು ಸ್ವಯಂಸೇವಕರ ಹೆಗಲಿಗೆ ಜೋತುಬಿದ್ದು ಗೆರೆ ದಾಟಿದವರ ಫೋಟೋ. ಅದರ ಕೆಳಗೆ ಬೆಂಕಿ, ಬಿಗಿದ ತೋಳು, ಕೈಮುಗಿದ ಚಿತ್ರಗಳ ಸಾಲು. ಎರಡನೆಯದು, ‘ಮೈ ಸರಿಯಿರಲಿಲ್ಲ, 28ಕ್ಕೆ ನಿಲ್ಲಿಸಿದೆ’ ಎಂಬ ಒಂದೇ ವಾಕ್ಯ. ಅದರ ಕೆಳಗೆ ಸಾವಿನ ಮನೆಗೆ ಹೋದವರು ಆಡುವಂಥ ಮಾತು: ‘ಬೇಜಾರು ಮಾಡ್ಕೋಬೇಡಿ’, ‘ಮುಂದಿನ ವರ್ಷ ಇದೆಯಲ್ಲ’.

ನನ್ನ ತಕರಾರು ಇಷ್ಟೆ. ಈ ಇಬ್ಬರಲ್ಲಿ ಓಟ ಗೊತ್ತಿರುವವರು ಎರಡನೆಯವರು. ನಾವು ಚಪ್ಪಾಳೆ ತಟ್ಟುತ್ತಿರುವುದು ತಪ್ಪು ಜನರಿಗೆ. ಈ ತಪ್ಪಿಗೆ ಬೆಲೆ ತೆರುವುದು ತಟ್ಟುವ ಕೈಗಳಲ್ಲ, ಓಡುವ ಮೂತ್ರಪಿಂಡ, ಓಡುವ ಹೃದಯ.

ಇದನ್ನು ಹೇಳುವ ಮುನ್ನ ನನ್ನ ಪಾಲಿನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಪ್ರಾಜೆಕ್ಟಿನಲ್ಲಿ ಗದಗಿನ ಒಬ್ಬ ಹುಡುಗನಿದ್ದ. ಮುಂಬೈಗೆ ಬಂದು ಎರಡು ವರ್ಷ. ಕಂಪನಿಯ ಓಟದ ತಂಡಕ್ಕೆ ನಾನೇ ನಾಯಕ, ಅವನನ್ನು ಸೇರಿಸಿದವನೂ ನಾನೇ. ಅವನ ಮೊದಲ ಪೂರ್ಣ ಮ್ಯಾರಥಾನಿನ ವಾರದಲ್ಲೇ ನಮ್ಮ ರಿಲೀಸ್ ಬಂತು. ಬುಧವಾರ ಅವನಿಗೆ ಜ್ವರ, ಶುಕ್ರವಾರ ರಾತ್ರಿಯಿಡೀ ಆಫೀಸು, ಭಾನುವಾರ ಬೆಳಗಿನ ಜಾವ ಓಟ. ಹೊರಡುವಾಗ ಒಂದು ಐಬುಪ್ರೊಫೆನ್ ಮಾತ್ರೆ, 25ರ ಹತ್ತಿರ ಇನ್ನೊಂದು. ಹಾಫ್ ಮುಗಿಸಿ, ಕೊರಳಲ್ಲಿ ಮೆಡಲ್ ಹಾಕಿಕೊಂಡು ಚಹಾ ಕುಡಿಯುತ್ತಿದ್ದ ನನಗೆ 32ನೇ ಕಿಲೋಮೀಟರಿನಿಂದ ಅವನ ಸಂದೇಶ ಬಂತು: ‘ಸರ, ಭಾಳ ಸುಸ್ತಾಗೈತ್ರಿ, ಚಳಿ ಹತ್ತೇತಿ. ನಿಲ್ಲಿಸ್ಲೇನ್ರಿ?’

ನಾನು ಬರೆದ ಉತ್ತರ ಇನ್ನೂ ಫೋನಿನಲ್ಲಿದೆ, ಅಳಿಸಿಲ್ಲ: ‘ಬಿಡಬೇಡ. ಇನ್ನು ಹತ್ತೇ ಕಿಲೋಮೀಟರು. ನೋವು ಇವತ್ತಿಗೆ, ಮೆಡಲ್ ಜೀವನಪೂರ್ತಿ.’

ಹುಡುಗ ಮುಗಿಸಿದ. ಅವನ ಫೋಟೋ ಕಂಪನಿಯ ಪುಟದಲ್ಲಿ ಬಂತು. ಅದೇ ಸಂಜೆ ಅವನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಬಿಡಿಸಿ ಹೇಳಿದರು: ಮಿತಿಮೀರಿ ದಣಿದ ಸ್ನಾಯುಗಳು ಒಡೆದು ಅವುಗಳೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿದೆ, ಅದು ಮೂತ್ರಪಿಂಡಕ್ಕೆ ಏಟು ಕೊಟ್ಟಿದೆ, ಜ್ವರದಿಂದ ಬಳಲಿ ನೀರು ಬತ್ತಿದ್ದ ಮೈ, ಅದರ ಮೇಲೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುವ ನೋವಿನ ಮಾತ್ರೆ. ಐದು ದಿನ ಆಸ್ಪತ್ರೆ. ಪುಣ್ಯಕ್ಕೆ ಡಯಾಲಿಸಿಸ್ ಬೇಕಾಗಲಿಲ್ಲ. ಸುದ್ದಿ ಕೇಳಿ ರಾತ್ರಿ ರೈಲಿಗೆ ಬಂದ ಅವನ ತಾಯಿ ನನ್ನನ್ನು ಬೈಯಲಿಲ್ಲ. ‘ಇಷ್ಟ ದೂರ ಓಡಿದ್ರ ಏನ್ ಕೊಡ್ತಾರ್ರೀ ಸರ?’ ಎಂದು ಕೇಳಿದರು, ನಿಜಕ್ಕೂ ತಿಳಿದುಕೊಳ್ಳಬೇಕೆಂದು. ಮೆಡಲ್ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಮೂರು ವಾಕ್ಯಗಳನ್ನು ನಾನು ಎಲ್ಲಿಂದ ಕಲಿತೆ? ಎಲ್ಲರೂ ಕಲಿತಲ್ಲಿಂದಲೇ. ಮ್ಯಾರಥಾನಿನ ಹುಟ್ಟುಕಥೆಯೇ ಹಾಗಿದೆಯಲ್ಲ! ಕ್ರಿ.ಪೂ. 490, ಮ್ಯಾರಥಾನ್ ಬಯಲಿನಲ್ಲಿ ಪರ್ಷಿಯನ್ನರ ಸೋಲು, ಸುದ್ದಿ ಹೊತ್ತು ಅಥೆನ್ಸಿಗೆ ಓಡಿದ ಫಿಡಿಪ್ಪಿಡಿಸ್, ‘ಗೆದ್ದೆವು’ ಎಂದು ಹೇಳಿ ಅಲ್ಲೇ ಬಿದ್ದು ಸತ್ತ. ಪ್ರತಿ ಓಟದ ಹಿಂದಿನ ದಿನ ಯಾರಾದರೊಬ್ಬರು ಇದನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ.

ಆದರೆ ಆ ಯುದ್ಧಕ್ಕೆ ಅತ್ಯಂತ ಹತ್ತಿರದ ಕಾಲದವನಾದ ಇತಿಹಾಸಕಾರ ಹೆರೊಡೋಟಸ್ ಹೇಳುವ ಕಥೆಯೇ ಬೇರೆ. ಅವನ ಓಟಗಾರ ಯುದ್ಧಕ್ಕೆ ಮೊದಲೇ ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಹೋಗಿ, ಮರುದಿನವೇ ತಲುಪಿ, ಸಹಾಯ ಕೇಳುತ್ತಾನೆ. ಹುಣ್ಣಿಮೆಯವರೆಗೆ ಬರಲಾಗದು ಎನ್ನುತ್ತಾರೆ ಸ್ಪಾರ್ಟಾದವರು. ಅವನು ಸತ್ತನೆಂದು ಹೆರೊಡೋಟಸ್ ಎಲ್ಲಿಯೂ ಹೇಳಿಲ್ಲ. ಗೆದ್ದ ಸುದ್ದಿ ಹೇಳಿ ಸತ್ತ ಓಟಗಾರ ನಮಗೆ ಸಿಗುವುದು ಐದಾರು ಶತಮಾನ ಕಳೆದ ಮೇಲೆ, ಪ್ಲುಟಾರ್ಕ್ ಮತ್ತು ಲೂಸಿಯನ್ನರ ಬರಹಗಳಲ್ಲಿ. ಪ್ಲುಟಾರ್ಕ್ ಕೊಡುವ ಹೆಸರೂ ಬೇರೆ. ಎರಡು ಕಥೆಗಳನ್ನೂ ಒಟ್ಟು ಸೇರಿಸಿ ಜನಪ್ರಿಯಗೊಳಿಸಿದ್ದು 1879ರ ರಾಬರ್ಟ್ ಬ್ರೌನಿಂಗನ ಕವಿತೆ. 1896ರ ಒಲಿಂಪಿಕ್ಸಿಗೆ ಮಿಶೆಲ್ ಬ್ರೆಯಾಲ್ ಈ ಓಟವನ್ನು ಸೂಚಿಸುವ ಹೊತ್ತಿಗೆ ಕಥೆಯೇ ಇತಿಹಾಸವಾಗಿತ್ತು. ಎಂದರೆ, ಬದುಕಿ ಓಡಿದವನನ್ನು ಮರೆತು, ಸತ್ತವನನ್ನು ನಾವೇ ಕಟ್ಟಿಕೊಂಡೆವು.

ಈ ಕಥೆಯನ್ನು ನಂಬಿದರೆ ಏನಾಗುತ್ತದೆ, ನಂಬದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದೇ ಓಟದಲ್ಲಿ ಎರಡು ಉತ್ತರಗಳಿವೆ. 1912, ಸ್ಟಾಕ್‌ಹೋಮ್ ಒಲಿಂಪಿಕ್ಸ್, ಜುಲೈ ತಿಂಗಳ ಉರಿಬಿಸಿಲು. ಓಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕೊನೆ ಮುಟ್ಟಲಿಲ್ಲ. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜರೊ 30 ಕಿಲೋಮೀಟರಿನ ಹತ್ತಿರ ಕುಸಿದು ಬಿದ್ದ, ಮರುದಿನ ಬೆಳಿಗ್ಗೆ ತೀರಿಕೊಂಡ. ಆಧುನಿಕ ಒಲಿಂಪಿಕ್ಸಿನಲ್ಲಿ ಸ್ಪರ್ಧೆಯಿಂದಾಗಿ ಸತ್ತ ಮೊದಲ ಆಟಗಾರ ಅವನು. ಅದೇ ಬಿಸಿಲಿನಲ್ಲಿ, ಅದೇ ದಾರಿಯಲ್ಲಿ ಜಪಾನಿನ ಶಿಜೊ ಕನಕುರಿಯೂ ಓಡುತ್ತಿದ್ದ. ಅರ್ಧ ದಾರಿ ದಾಟಿದ ಮೇಲೆ ಅವನಿಗೂ ಆಗಲಿಲ್ಲ. ದಾರಿಬದಿಯ ಒಂದು ಮನೆಯ ತೋಟಕ್ಕೆ ಹೊಕ್ಕ. ಮನೆಯವರು ಹಣ್ಣಿನ ಪಾನಕ ಕೊಟ್ಟರು, ಕುಡಿದ, ಸುಧಾರಿಸಿಕೊಂಡ. ನಾಚಿಕೆಯಿಂದ ಅಧಿಕಾರಿಗಳಿಗೂ ತಿಳಿಸದೆ ಜಪಾನಿಗೆ ಹೊರಟುಹೋದ.

ಆ ಪಾನಕ ಕುಡಿದ ‘ಹೇಡಿ’ ಆಮೇಲೆ ಮಾಡಿದ್ದೇನು? ಜಪಾನಿನಲ್ಲಿ ದೂರದ ಓಟವನ್ನು ಕಟ್ಟಿ ಬೆಳೆಸಿದ. 1920ರಲ್ಲಿ ಅವನು ಮುಂದೆ ನಿಂತು ಶುರುಮಾಡಿಸಿದ, ವಿಶ್ವವಿದ್ಯಾಲಯಗಳ ನಡುವಿನ ಹಕೋನೆ ರಿಲೇ ಓಟ ಇವತ್ತಿಗೂ ಪ್ರತಿ ಹೊಸವರ್ಷ ನಡೆಯುತ್ತದೆ. ಇಡೀ ದೇಶ ಟಿವಿ ಮುಂದೆ ಕೂರುತ್ತದೆ. 1967ರಲ್ಲಿ ಸ್ವೀಡನ್ನಿನವರು ಅವನನ್ನು ಕರೆಸಿ ಬಿಟ್ಟ ಓಟವನ್ನು ಮುಗಿಸಲು ಹೇಳಿದರು. 75ರ ಅಜ್ಜ ಗೆರೆ ದಾಟಿದ. ಸಮಯ: 54 ವರ್ಷ, 8 ತಿಂಗಳು, 6 ದಿನ, ಚಿಲ್ಲರೆ ಗಂಟೆಗಳು. ಬದುಕಿದ್ದು 92 ವರ್ಷ. ಬದುಕಿದ್ದರೆ ಬೇಡಿ ತಿಂದೇನು ಎನ್ನುತ್ತಿದ್ದಳು ನಮ್ಮಜ್ಜಿ. ಬದುಕಿದ್ದರೆ ಓಡಿಯೂ ಓಡಬಹುದು.

ಅದು ಹಳೆಯ ಕಾಲ ಎನ್ನುವವರಿಗೆ 2004. ಅದೇ ಫೆಬ್ರವರಿಯಲ್ಲಿ ಮುಂಬೈ ಮ್ಯಾರಥಾನ್ ಶುರುವಾಗಿತ್ತು, ನಮ್ಮಂಥವರು ಬೂಟು ಕೊಳ್ಳತೊಡಗಿದ್ದರು. ಆಗಸ್ಟಿನಲ್ಲಿ ಅಥೆನ್ಸ್ ಒಲಿಂಪಿಕ್ಸ್, ಫಿಡಿಪ್ಪಿಡಿಸನದೆನ್ನುವ ದಾರಿಯಲ್ಲೇ ಮಹಿಳೆಯರ ಮ್ಯಾರಥಾನ್. ಇಂಗ್ಲೆಂಡಿನ ಪೌಲಾ ರಾಡ್‌ಕ್ಲಿಫ್ ಆಗ ವಿಶ್ವದಾಖಲೆಯ ಒಡತಿ: 2 ಗಂಟೆ 15 ನಿಮಿಷ 25 ಸೆಕೆಂಡು. ಓಟಕ್ಕೆ ಕೆಲವೇ ದಿನ ಮೊದಲು ಕಾಲಿಗೆ ಪೆಟ್ಟಾಗಿ ಉರಿಯೂತದ ಮಾತ್ರೆ ತೆಗೆದುಕೊಂಡಿದ್ದಳು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. 36 ಕಿಲೋಮೀಟರ್ ಆದಮೇಲೆ ರಸ್ತೆಬದಿಯಲ್ಲಿ ಕೂತು ಅತ್ತಳು. ಐದು ದಿನ ಬಿಟ್ಟು 10,000 ಮೀಟರಿನಲ್ಲಿ ಇಳಿದು ಅದನ್ನೂ ಅರ್ಧಕ್ಕೇ ಬಿಟ್ಟಳು. ಅವಳ ದೇಶದ ಪತ್ರಿಕೆಗಳಲ್ಲಿ ಕೆಲವರು ಛಲವಿಲ್ಲದವಳೆಂದು ಜರೆದರು. ಎರಡೂವರೆ ತಿಂಗಳಿಗೆ ಅವಳು ನ್ಯೂಯಾರ್ಕ್ ಮ್ಯಾರಥಾನ್ ಗೆದ್ದಳು. ಮರುವರ್ಷ ಹೆಲ್ಸಿಂಕಿಯಲ್ಲಿ ವಿಶ್ವ ಚಾಂಪಿಯನ್ ಆದಳು. ಅಥೆನ್ಸಿನ ಆ ಕೊನೆಯ ಆರು ಕಿಲೋಮೀಟರನ್ನು ಹಟಕ್ಕೆ ಓಡಿದ್ದರೆ ಇವೆರಡೂ ಸಿಗುತ್ತಿದ್ದವೆಂದು ಯಾರು ಬರೆದುಕೊಡುತ್ತಾರೆ?

2021ರ ಮೇ 22. ಚೀನಾದ ಗಾನ್ಸು ಪ್ರಾಂತದ ಬೆಟ್ಟಗಳಲ್ಲಿ 100 ಕಿಲೋಮೀಟರಿನ ಅಲ್ಟ್ರಾ ಓಟ. ಹೊರಟವರು 172 ಮಂದಿ, ಹೆಚ್ಚಿನವರು ಚಡ್ಡಿ, ತೆಳು ಅಂಗಿಯಲ್ಲಿ. ಗಾಳಿ ತಡೆಯುವ ಜಾಕೆಟ್ ಕಡ್ಡಾಯವಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಲಿಕಲ್ಲು, ಮಳೆ, ಬಿರುಗಾಳಿ. ಮೈಯ ಕಾವು ಇಳಿದು ಸತ್ತವರು 21 ಜನ, ಅವರಲ್ಲಿ ದೇಶದ ಅಗ್ರ ಓಟಗಾರರೂ ಇದ್ದರು. ಒಬ್ಬ ಕುರಿಗಾಹಿ ಆರು ಮಂದಿಯನ್ನು ತನ್ನ ಗುಹೆಗೆ ಕರೆತಂದು ಬೆಂಕಿ ಹಾಕಿ ಉಳಿಸಿದ. ಹಿಂದೆ ತಿರುಗಿ ಇಳಿದ ಕೆಲವರೂ ಬದುಕಿದರು. ಸತ್ತವರ ಮೇಲೆ ನಾನು ತಪ್ಪು ಹೊರಿಸುತ್ತಿಲ್ಲ. ಓಟವನ್ನು ನಿಲ್ಲಿಸಬೇಕಾದವರು ನಡೆಸುವವರು. ಆದರೆ ಅವರು ನಿಲ್ಲಿಸದಿದ್ದಾಗ ಹಿಂದಿರುಗಿದವರನ್ನು ನಾವು ಹೇಡಿಗಳೆನ್ನುತ್ತೇವೆಯೆ? ಹಾಗಾದರೆ 28ಕ್ಕೆ ನಿಲ್ಲಿಸಿದವರಿಗೆ ಸಂತಾಪ ಏಕೆ?

‘ಸುಸ್ತಾದಾಗಲೆಲ್ಲ ಬಿಟ್ಟರೆ ಯಾರೂ ಮ್ಯಾರಥಾನ್ ಮುಗಿಸುವುದಿಲ್ಲ’ ಎಂಬ ವಾದ ನನಗೆ ಗೊತ್ತು. ನಾನೇ ಅದನ್ನು ಹತ್ತಾರು ಸಲ ಆಡಿದ್ದೇನೆ. ಸುಸ್ತು ಬೇರೆ, ಅಪಾಯ ಬೇರೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ 30–32 ಕಿಲೋಮೀಟರಿನ ಹೊತ್ತಿಗೆ ತಳ ಕಾಣುತ್ತದೆ, ಕಾಲು ಸೀಸದಂತಾಗುತ್ತದೆ. ಅದನ್ನು ದಾಟುವುದು ಕಲಿಯಬೇಕಾದ ವಿದ್ಯೆಯೇ. ತಿಂಗಳುಗಟ್ಟಲೆಯ ಉದ್ದದ ಓಟಗಳು ಅದಕ್ಕೇ ಇರುವುದು. ಆದರೆ ಎದೆ ಬಿಗಿತ, ಬಿಸಿಲಲ್ಲಿ ಚಳಿ, ದಾರಿ ತಿಳಿಯದಷ್ಟು ಮಂಕು, ನಡಿಗೆಯನ್ನೇ ಬದಲಿಸುವ ನೋವು, ಇವು ಛಲದ ಪರೀಕ್ಷೆಗಳಲ್ಲ. ಎರಡು ದಿನದ ಹಿಂದಿನ ವೈರಲ್ ಜ್ವರವೂ ಅಲ್ಲ. ಅದು ಹೃದಯದ ಸ್ನಾಯುವಿಗೂ ತಗಲಿದ್ದರೆ ಓಟದ ನಡುವೆ ಲಯವೇ ತಪ್ಪಬಹುದು. ಇವುಗಳ ನಡುವಿನ ವ್ಯತ್ಯಾಸ ಗುರುತಿಸುವುದೂ ತರಬೇತಿಯ ಭಾಗ. ಯಾವ ಕೋಚೂ ನನಗೆ ಅದನ್ನು ಕಲಿಸಲಿಲ್ಲ. ನಾನೂ ಆ ಹುಡುಗನಿಗೆ ಕಲಿಸಲಿಲ್ಲ.

ನನ್ನ ಹೊಟ್ಟೆಪಾಡಿನ ಕೆಲಸದಲ್ಲಿ ಈ ಮಾತು ಹೊಸದೇನಲ್ಲ. ರಾತ್ರಿ ಹೊಸ ಸಾಫ್ಟ್‌ವೇರ್ ಹಾಕುವ ಮುಂಚೆ ರೋಲ್‌ಬ್ಯಾಕ್ ಯೋಜನೆ ಕಾಗದದ ಮೇಲೆ ಇರಲೇಬೇಕು: ಇಷ್ಟು ಗಂಟೆಯೊಳಗೆ ಇದು ಸರಿಹೋಗದಿದ್ದರೆ ಹಳೆಯದಕ್ಕೆ ಮರಳುವುದು, ನಿರ್ಧಾರ ಇಂಥವರದು. ಎರಡು ಗಂಟೆ ರಾತ್ರಿಯ ನಿದ್ದೆಗಣ್ಣಿನ ತಲೆಯನ್ನು ನಂಬಬಾರದೆಂದೇ ಅದನ್ನು ಹಗಲಲ್ಲಿ ಬರೆದಿಡುವುದು. ಬ್ಯಾಂಕಿನ ಸರ್ವರಿಗೆ ಇರುವ ಈ ಮರ್ಯಾದೆ ನಮ್ಮ ಮೈಗೆ ಬೇಡವೆ?

ಉಪಾಯ ಕೇಳುವವರಿಗೆ ಅಲ್ಟ್ರಾ ಓಟವೇ ದಾರಿ ತೋರಿಸಿದೆ. ಹೆರೊಡೋಟಸನ ಬದುಕಿ ಉಳಿದ ಓಟಗಾರನ ಜಾಡು ಹಿಡಿದು 1982ರಲ್ಲಿ ಬ್ರಿಟಿಷ್ ವಾಯುಪಡೆಯ ಐವರು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಹೊರಟು, ಮೂವರು ಮುಟ್ಟಿದರು. ಮರುವರ್ಷದಿಂದ ಅದು ಸ್ಪಾರ್ಟಾಥ್ಲಾನ್ ಆಯಿತು: 246 ಕಿಲೋಮೀಟರು, 36 ಗಂಟೆ, ದಾರಿಯುದ್ದಕ್ಕೂ 75 ತಪಾಸಣೆ ಕೇಂದ್ರಗಳು, ಒಂದೊಂದಕ್ಕೂ ಗಡುವು. ತಪ್ಪಿದರೆ ಬಸ್ಸು ಹತ್ತು. ಆ ಬಸ್ಸು ಹತ್ತಿದವರನ್ನು ಅಲ್ಲಿ ಯಾರೂ ಹೀಯಾಳಿಸುವುದಿಲ್ಲ, ಏಕೆಂದರೆ ಅದರಲ್ಲಿ ಎಲ್ಲರೂ ಒಂದಲ್ಲ ಒಂದು ವರ್ಷ ಕೂತವರೇ.

ಹಾಗಾಗಿ ಮೂರು ಮಾತು. ಓಟ ನಡೆಸುವವರೇ, ಜ್ವರ ಬಂದವನಿಗೆ ತನ್ನ ಬಿಬ್ಬನ್ನು ಮುಂದಿನ ವರ್ಷಕ್ಕೆ ಒಯ್ಯುವ ಅವಕಾಶ ಕೊಡಿ. ಕಟ್ಟಿದ ದುಡ್ಡು ಮುಳುಗುತ್ತದೆಂದೇ ಎಷ್ಟೋ ಜನ ಮಾತ್ರೆ ನುಂಗಿ ಬಂದು ನಿಲ್ಲುತ್ತಾರೆ. ಕಂಪನಿಯವರೇ, ತಂಡದಲ್ಲಿ ಎಷ್ಟು ಮಂದಿ ಮುಗಿಸಿದರೆಂಬ ಪಟ್ಟಿ ಹಾಕುವುದನ್ನು ಬಿಡಿ; ರಿಲೀಸ್ ವಾರದಲ್ಲಿ ಯಾರನ್ನೂ ಓಡಿಸಬೇಡಿ. ಓಟದ ಗೆಳೆಯರೇ, ಹಿಂದಿನ ರಾತ್ರಿ ಜೆಲ್ಲು, ಕಾಲ್ಚೀಲ ಜೋಡಿಸುವಾಗ ಯಾವ ಯಾವ ಲಕ್ಷಣ ಕಂಡರೆ ನಿಲ್ಲಿಸುತ್ತೀರಿ ಎಂದು ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಯಾರಾದರೂ ದಾರಿಯಿಂದ ‘ನಿಲ್ಲಿಸಲಾ?’ ಎಂದು ಕೇಳಿದರೆ, ಕೇಳುವ ಹೊತ್ತಿಗೆ ಅವರ ಮೈ ಉತ್ತರ ಹೇಳಿಯಾಗಿದೆ ಎಂದು ತಿಳಿಯಿರಿ.

ಹುಡುಗ ಈಗ ಬೇರೆ ಕಂಪನಿಯಲ್ಲಿದ್ದಾನೆ, ಮತ್ತೆ ಓಡುತ್ತಿದ್ದಾನೆ. ಹೋದ ಡಿಸೆಂಬರಿನ ಒಂದು ಹಾಫ್‌ನಲ್ಲಿ 16ನೇ ಕಿಲೋಮೀಟರಿನಿಂದ ಫೋನ್ ಮಾಡಿದ: ‘ಸರ, ಮೀನಖಂಡ ಹಿಡದೈತ್ರಿ. ನಿಲ್ಲಿಸೀನಿ.’ ಈ ಸಲ ಕೇಳಲಿಲ್ಲ, ಹೇಳಿದ. ನಾನು ಗಾಡಿ ತಗೊಂಡು ಹೋದೆ, ಇಬ್ಬರೂ ಮಾಟುಂಗಾದಲ್ಲಿ ಇಡ್ಲಿ ತಿಂದೆವು. ಬೂಟು ಬಿಚ್ಚಿ ಕೂತ ಅವನ ಫೋಟೋವನ್ನು ಗುಂಪಿಗೆ ನಾನೇ ಹಾಕಿದೆ: ‘16ಕ್ಕೆ ನಿಲ್ಲಿಸಿದ. ಶಹಬ್ಬಾಸ್.’

ಸಂಜೆಯವರೆಗೆ ಬಂದ ಚಪ್ಪಾಳೆ ಮೂರು. ಒಂದು ಅವನ ಹೆಂಡತಿಯದು, ಒಂದು ನಮ್ಮ ಗುಂಪಿನ ಡಾಕ್ಟರದು. ಇನ್ನೊಂದು, 28ಕ್ಕೆ ನಿಲ್ಲಿಸಿದ್ದವರದು.