ಎರಡು ಹೆಸರು, ಒಂದೇ ಮದ್ದು

ನೆಗಡಿ ಹಿಡಿದವನು ಅಂಗಡಿಯಿಂದ ಒಂದು ಮಾತ್ರೆಯನ್ನು ತಂದು ನುಂಗುತ್ತಾನೆ. ಮೈ ಬಿಸಿಯಾಯಿತೆಂದು ಮನೆಯವರು ಜ್ವರದ ಮಾತ್ರೆಯೊಂದನ್ನು ಕೊಡುತ್ತಾರೆ. ಹೆಸರು ಬೇರೆ, ಬಣ್ಣ ಬೇರೆ. ಆದರೆ ಎರಡರಲ್ಲಿಯೂ ಪ್ಯಾರಾಸಿಟಮಾಲ್ ಇರುವುದು ಬಹು ಸಾಮಾನ್ಯ. ವಯಸ್ಕರು ದಿನಕ್ಕೆ 4 ಗ್ರಾಮನ್ನು ಮೀರಕೂಡದು. 650 ಮಿಲಿಗ್ರಾಮಿನ ಆರು ಮಾತ್ರೆಗಳಿಗೇ ಆ ಮಿತಿ ಬಹುಮಟ್ಟಿಗೆ ಮುಗಿಯುತ್ತದೆ. ಮಕ್ಕಳಿಗೂ ಕೃಶಶರೀರದವರಿಗೂ ಇನ್ನೂ ಕಡಿಮೆ.

ಈ ಮದ್ದಿನ ಅಲ್ಪಾಂಶವು ಯಕೃತ್ತಿನಲ್ಲಿ ವಿಷವಾಗಿ ಮಾರ್ಪಡುತ್ತದೆ. ಅಲ್ಲಿರುವ ಗ್ಲುಟಾಥಯೋನ್ ಅದನ್ನು ಆಗಿಂದಾಗ್ಗೆ ನಿರ್ವಿಷಗೊಳಿಸುತ್ತದೆ. ಮದ್ದು ಅತಿಯಾದರೆ ಗ್ಲುಟಾಥಯೋನ್ ತೀರಿಹೋಗಿ, ಯಕೃತ್ತಿನ ಜೀವಕೋಶಗಳು ಸಾಯತೊಡಗುತ್ತವೆ. ಮೊದಲ ದಿನ ರೋಗಿಗೆ ಏನೂ ತೋರದಿರಬಹುದು. ಆದುದರಿಂದ ಮಿತಿಮೀರಿತೆಂದು ತಿಳಿದೊಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವು ಮೊದಲ 8 ಗಂಟೆಗಳೊಳಗೆ ಅತ್ಯಂತ ಫಲಕಾರಿ.

2018ರಲ್ಲಿ ನಮ್ಮ ದೇಶದ ಔಷಧ ನಿಯಮಗಳನ್ನು ತಿದ್ದಿ, ಮದ್ದಿನ ನಿಜನಾಮವನ್ನು ವ್ಯಾಪಾರನಾಮಕ್ಕಿಂತ ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಬೇಕೆಂದು ವಿಧಿಸಲಾಯಿತು. ಆದರೆ ಮೂರು ಅಥವಾ ಅದಕ್ಕಿಂತ ಹೆಚ್ಚು ಮದ್ದುಗಳ ಮಿಶ್ರಣಕ್ಕೆ ವಿನಾಯಿತಿ! ನೆಗಡಿಯ ಮಾತ್ರೆಗಳಲ್ಲಿ ಅನೇಕವು ಇಂಥ ಮಿಶ್ರಣಗಳೇ. ದೊಡ್ಡ ಅಕ್ಷರ ಎಲ್ಲಿ ಬೇಕಾಗಿತ್ತೋ ಅಲ್ಲಿಯೇ ಅದನ್ನು ಕೈಬಿಟ್ಟಂತಾಯಿತು. ಈ ವಿನಾಯಿತಿಯನ್ನು ತೆಗೆದುಹಾಕಬೇಕೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಅಲ್ಲಿಯವರೆಗೆ ಮನೆಗೆ ಬರುವ ಪ್ರತಿಯೊಂದು ಮಾತ್ರೆಪಟ್ಟಿಯ ಹಿಂಬದಿಯ ಸಣ್ಣಕ್ಷರಗಳನ್ನು ವಿದ್ಯಾರ್ಥಿಗಳಾದರೂ ಹಿರಿಯರಿಗೆ ಓದಿಹೇಳಲಿ.